ಅರ್ಧ ವರ್ತಮಾನದ ರೋಷ

(ಜಯನಗರದ ವಾಚನಾಲಯವೊಂದರಲ್ಲಿ ಉಪಾಧ್ಯಾಯರ ಸಭೆಯ ಮುಂದೆ ಮಾಡಿದ ಭಾಷಣ)



ದೂರದರ್ಶನದ ವಾಹಿನಿಗಳೂ ಕೈಯಲ್ಲಿಯ ಫೋನುಗಳೂ ಜನರ ರೋಷವನ್ನು ಹೇಗೆ ಕೆರಳಿಸುತ್ತವೆ, ಆ ರೋಷದಿಂದ ನಮ್ಮ ರಾಜಕೀಯವೂ ನಡೆನುಡಿಯೂ ಹೇಗೆ ಕೆಡುತ್ತವೆ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ಈ ವಿಷಯಕ್ಕೆ ಅಮೆರಿಕದ ನಿದರ್ಶನಗಳನ್ನು ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಅಷ್ಟು ದೂರ ಹೋಗಬೇಕಾದ ಪ್ರಮೇಯವಿಲ್ಲ. ನಾವು ಕೂಡಿರುವ ಈ ಸ್ಥಳದಿಂದ ಗಿರಿನಗರವು ಕೆಲವೇ ಮೈಲಿಗಳ ದೂರ. ನಾಯಂಡಹಳ್ಳಿ ಅದಕ್ಕೆ ತುಸು ಆಚೆ. ನಾನು ಹೇಳಬೇಕೆಂದಿರುವ ಸಂಗತಿಯು ಇವೆರಡು ಸ್ಥಳಗಳಿಗೆ ಸಂಬಂಧಿಸಿದ್ದು. 2016ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದದ್ದು.

ಆ ತಿಂಗಳ 5ರಂದು ಸರ್ವೋಚ್ಚ ನ್ಯಾಯಾಲಯವು ದಿನಕ್ಕೆ 15,000 ಕ್ಯುಸೆಕ್ಸ್‌ನಂತೆ ಹತ್ತು ದಿನ ತಮಿಳುನಾಡಿಗೆ ಕಾವೇರಿಯ ನೀರನ್ನು ಬಿಡತಕ್ಕದ್ದೆಂದು ಆಜ್ಞಾಪಿಸಿತು. ಮಳೆ ಕೈಕೊಟ್ಟಿದ್ದ ವರ್ಷ ಅದು. ಮಂಡ್ಯದ ರೈತನ ಸಂಕಟವು ದಿಟವಾದದ್ದು. ಅದನ್ನು ಯಾರೂ ಹಗುರವಾಗಿ ಕಾಣಕೂಡದು. 9ರಂದು ಕರ್ನಾಟಕ ಬಂದ್ ನಡೆಯಿತು, ಚಿತ್ರನಟರೂ ಬೀದಿಗಿಳಿದರು. ಆ ನಟರನ್ನು ಫೇಸ್‌ಬುಕ್ಕಿನಲ್ಲಿ ಗೇಲಿ ಮಾಡಿದನೆಂದು ಗಿರಿನಗರದ ಕಡೆ ಒಬ್ಬ ತಮಿಳು ವಿದ್ಯಾರ್ಥಿಯನ್ನು ಕೆಲವರು ಹಿಡಿದು ಹೊಡೆದು, ಅವನ ಬಾಯಿಂದ ಕ್ಷಮೆ ಕೇಳಿಸಿದರು. ಇಷ್ಟಕ್ಕೇ ನಿಂತಿದ್ದರೆ ಅದು ಪೊಲೀಸ್ ಠಾಣೆಯ ಒಂದು ವ್ಯವಹಾರವಾಗಿ ಮುಗಿಯುತ್ತಿತ್ತು. ಆದರೆ ಆ ಕೃತ್ಯವನ್ನು ಫೋನಿನಲ್ಲಿ ಚಿತ್ರೀಕರಿಸಿ ಹಂಚಲಾಯಿತು. ಒಬ್ಬ ಹುಡುಗನಿಗೆ ನಾಲ್ಕು ಏಟು ಕೊಡುವುದಕ್ಕಿಂತ, ಕೊಟ್ಟೆವೆಂದು ಲೋಕಕ್ಕೆ ತೋರಿಸುವುದೇ ಅಲ್ಲಿಯ ಮುಖ್ಯ ಉದ್ದೇಶವಾಗಿತ್ತೆಂದು ನನಗೆ ತೋರುತ್ತದೆ.

ಆ ಚಿತ್ರವು ತಮಿಳುನಾಡನ್ನು ಮುಟ್ಟಿತು. 12ರ ಬೆಳಗಿನ ಜಾವ ಚೆನ್ನೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬುಗಳು ಬಿದ್ದವು. ರಾಮೇಶ್ವರಕ್ಕೆ ಹೋಗಿದ್ದ ಕರ್ನಾಟಕದ ವಾಹನಗಳ ಮೇಲೆ ದಾಳಿಯಾಯಿತು. ಚಾಲಕನೊಬ್ಬನ ಕಪಾಳಕ್ಕೆ ಹೊಡೆದರು. ಅದೂ ಫೋನಿನ ಚಿತ್ರವಾಯಿತು. ಈಗ ಆ ಚಿತ್ರ ಬೆಂಗಳೂರಿಗೆ ಬಂತು. ನಮ್ಮ ವಾಹಿನಿಗಳು ಅದನ್ನು ಮತ್ತೆ ಮತ್ತೆ ತೋರಿಸಿದವು. ಅದೇ ದಿನ ನ್ಯಾಯಾಲಯವು ತನ್ನ ಆಜ್ಞೆಯನ್ನು ತಿದ್ದಿ, 20ರ ವರೆಗೆ ದಿನಕ್ಕೆ 12,000 ಕ್ಯುಸೆಕ್ಸ್ ಬಿಡಬೇಕೆಂದಿತು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಬೆಂಕಿ ಬಿದ್ದಿತ್ತು. ನಾಯಂಡಹಳ್ಳಿಯ ಕಡೆ ನಿಲ್ಲಿಸಿದ್ದ, ಸೇಲಂ ಮೂಲದ ಕೆ.ಪಿ.ಎನ್. ಸಂಸ್ಥೆಯ 40ಕ್ಕೂ ಹೆಚ್ಚು ಬಸ್ಸುಗಳು ಒಂದೇ ಕಡೆ ಸುಟ್ಟು ಕರಕಲಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬನು ಬಲಿಯಾದನು. 16 ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ ಜಾರಿಗೆ ಬಂತು.

ಮಹನೀಯರೆ, ಇಲ್ಲಿ ತಾವು ಮುಖ್ಯವಾಗಿ ಗಮನಿಸಬೇಕಾದದ್ದು, ಆ ಎರಡು ಚಿತ್ರಗಳಲ್ಲಿ ಒಂದೂ ಸುಳ್ಳಲ್ಲ ಎಂಬುದನ್ನು. ಸುಳ್ಳು ಸುದ್ದಿಯನ್ನು ತಡೆದರೆ ಸಾಕು, ಎಲ್ಲವೂ ಸರಿಹೋದೀತು ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಗಿರಿನಗರದ ಏಟೂ ನಿಜ, ರಾಮೇಶ್ವರದ ಏಟೂ ನಿಜ. ಆದರೆ ಅಲ್ಲಿಯವನ ಕಣ್ಣಿಗೆ ಕಟ್ಟಿದ್ದು ಗಿರಿನಗರ. ಇಲ್ಲಿಯವನ ಕಣ್ಣಿಗೆ ಕಟ್ಟಿದ್ದು ರಾಮೇಶ್ವರ. ತನ್ನವರಿಗೆ ಬಿದ್ದ ಏಟನ್ನು ನೂರು ಸಲ ನೋಡಿ, ತನ್ನವರು ಕೊಟ್ಟ ಏಟನ್ನು ಕಂಡೂ ಕಾಣದಂತೆ ಇದ್ದುದರಿಂದ, ಎರಡು ಕಡೆಯವರೂ ತಮ್ಮ ಕೋಪವೇ ನ್ಯಾಯವೆಂದು ನಂಬಿದರು. ಎರಡು ಸರಕಾರಗಳ ನಡುವೆ, ನ್ಯಾಯಾಲಯದ ಮುಂದೆ, ಅಂಕಿ ಅಂಶಗಳಿಂದ ತೀರಬೇಕಾಗಿದ್ದ ಪಾಲಿನ ವ್ಯಾಜ್ಯವು ಬಸ್ ಚಾಲಕನ ಮೇಲಿನ ದ್ವೇಷವಾಯಿತು. ಕನ್ನಡದ ಮಾನ ಕಾಯುತ್ತೇವೆಂದು ಇಲ್ಲಿ ಕೈ ಎತ್ತಿದವರು ಹೊಸೂರು, ತಾಳವಾಡಿಗಳ ಕನ್ನಡಿಗನನ್ನು ಒಂದು ಗಳಿಗೆ ನೆನೆದಿದ್ದರೆ! ನಮ್ಮ ಪೌರುಷಕ್ಕೆ ಗಡಿಯಾಚೆ ದಂಡ ತೆರಬೇಕಾದವನು ಅವನೇ ಅಲ್ಲವೆ?

ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸುವುದೂ ನ್ಯಾಯವಲ್ಲ. 1991ರ ಡಿಸೆಂಬರಿನಲ್ಲಿ ಇದೇ ಕಾವೇರಿಗಾಗಿ ಇದೇ ಬೆಂಗಳೂರಿನಲ್ಲಿ ತಮಿಳರ ಮೇಲೆ ಘೋರವಾದ ಹಲ್ಲೆಗಳು ನಡೆದವು, ಪ್ರಾಣಗಳು ಹೋದವು, ಸಾವಿರಾರು ಮಂದಿ ಊರು ಬಿಟ್ಟರು. ಆಗ್ಗೆ ಮೊಬೈಲ್ ಇರಲಿಲ್ಲ, ಖಾಸಗಿ ಕನ್ನಡ ವಾಹಿನಿಯೂ ಇರಲಿಲ್ಲ. ಮತ್ತೆ 2023ರ ಸೆಪ್ಟೆಂಬರಿನಲ್ಲಿ ಕಾವೇರಿಗಾಗಿಯೇ 26ರಂದೂ 29ರಂದೂ ಬಂದ್‌ಗಳಾದವು. ಫೋನುಗಳು ಹಿಂದಿಗಿಂತ ಹೆಚ್ಚಾಗಿದ್ದವು; ಆದರೂ 2016ರಂಥ ಅನಾಹುತವಾಗಲಿಲ್ಲ. ಸರಕಾರವು ಮೊದಲೇ ಎಚ್ಚರಗೊಂಡಿದ್ದಿತು. ಆದುದರಿಂದ ಯಂತ್ರವೊಂದೇ ಊರನ್ನು ಸುಡಲಾರದು. ಆದರೆ ಸುಡಬೇಕೆಂದಿರುವವನಿಗೆ ಅದು ಒದಗಿಸುವ ವೇಗವು ಭಯಂಕರವಾದದ್ದು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯ ಆಸುಪಾಸಿನಲ್ಲಿ, ಮಕ್ಕಳ ಕಳ್ಳನೆಂಬ ವಾಟ್ಸಾಪ್ ವದಂತಿಗೆ ರಾಜಸ್ಥಾನದ ಒಬ್ಬ ಬಡಪಾಯಿ ಬಲಿಯಾದನು. ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿಯೂ ಅಂಥದೇ ಒಂದು ಕೊಲೆ. ಆ ತಿಂಗಳಲ್ಲಿಯೇ ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಕೂಡದೆಂದು ಕಟ್ಟು ಮಾಡಿತು.

ಹಿಂದಿನ ಪತ್ರಿಕೆಗಳೆಲ್ಲ ಸಾಧುಗಳಾಗಿದ್ದವೆಂದು ನಾನು ಹೇಳುವುದಿಲ್ಲ. ಆದರೆ ಘಟನೆಗೂ ಓದುಗನಿಗೂ ನಡುವೆ ಒಂದು ರಾತ್ರಿ ಇರುತ್ತಿತ್ತು. ಆ ರಾತ್ರಿಯಲ್ಲಿ ಒಬ್ಬ ಸಂಪಾದಕನು ಎಚ್ಚರವಾಗಿರುತ್ತಿದ್ದನು. ಇದೇ ದಕ್ಷಿಣ ಬೆಂಗಳೂರಿನಲ್ಲಿ ಬಾಳಿ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ.ವಿ.ಗುಂಡಪ್ಪನವರು ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು. ಇಂದು ವಾಹಿನಿಯ ವರಮಾನ ಜಾಹೀರಾತಿನಿಂದ. ಜಾಹೀರಾತಿನ ದರ ನೋಡುಗರ ಎಣಿಕೆಯಿಂದ. ಸಮಾಧಾನವಾಗಿ ಮಾತಾಡುವವನನ್ನು ಎದುರಿಗೆ ಕೂರಿಸಿಕೊಂಡರೆ ನೋಡುಗನು ಬೇರೆ ವಾಹಿನಿಗೆ ಹೋಗುತ್ತಾನೆಂಬ ಭಯ ಅವರಿಗೆ. ಕಿರುಚಾಟವನ್ನು ಚರ್ಚೆಯೆಂದು ಕರೆಯುತ್ತಾರೆ. ನಮ್ಮ ಹುಡುಗರು ಶಾಲೆಯ ಚರ್ಚಾಕೂಟದಲ್ಲಿ ಅದೇ ಧಾಟಿಯನ್ನು ತೋರಿಸುತ್ತಿರುವುದನ್ನು ತಾವೇ ಕಂಡಿದ್ದೀರಿ.

ಇನ್ನೊಂದು ಸಂಗತಿ. ಆ ವ್ಯಾಜ್ಯ ಏನಾಯಿತು? 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ನೀರನ್ನು ಹೆಚ್ಚಿಸಿತು, ಅದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಕುಡಿಯುವ ನೀರಿಗಾಗಿಯೇ. ವಕೀಲರು, ಇಂಜಿನಿಯರುಗಳು ವರ್ಷಗಟ್ಟಲೆ ಕಡತ ಹಿಡಿದು ಕುಳಿತು ವಾದಿಸಿ ಪಡೆದ ನೀರು ಅದು. ಸುಟ್ಟ ಬಸ್ಸುಗಳು ಒಂದು ತಂಬಿಗೆಯನ್ನೂ ತರಲಿಲ್ಲ. ಈ ಸಭೆಯಲ್ಲಿ ಆ ಬಸ್ಸುಗಳ ಬೆಂಕಿಯನ್ನು ಕಣ್ಣಾರೆ ನೋಡಿದಂತೆ ನೆನಪಿಟ್ಟಿರುವವರು ಎಷ್ಟು ಮಂದಿ, 4.75 ಎಂಬ ಅಂಕಿಯನ್ನು ನೆನಪಿಟ್ಟಿರುವವರು ಎಷ್ಟು ಮಂದಿ? ಕೈ ಎತ್ತಿರೆಂದು ನಾನು ಕೇಳುವುದಿಲ್ಲ. ಈ ಭಾಷಣಕ್ಕಾಗಿ ನಾನೂ ಅದನ್ನು ಹುಡುಕಿ ನೋಡಿಕೊಂಡೇ ಬಂದೆನು.

ಕೊನೆಯದಾಗಿ ನನ್ನದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕು. ಆ 12ರಂದು ರಾಮೇಶ್ವರದ ಚಿತ್ರ ನನ್ನ ಫೋನಿಗೂ ಬಂತು. ಮೈಯೆಲ್ಲ ಉರಿಯಿತು. ನಾವು ಬೆಳಗ್ಗೆ ಜಯನಗರದ ಮಾಧವನ್ ಪಾರ್ಕಿನಲ್ಲಿ ತಿರುಗಾಡುವ ಮುದುಕರು ಹತ್ತಾರು ಮಂದಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ‘ಇವರಿಗೆ ಬುದ್ಧಿ ಕಲಿಸಬೇಕು’ ಎಂದು ಮೇಲೊಂದು ಸಾಲು ಬರೆದು, ಅದನ್ನು ಅಲ್ಲಿಗೆ ದಾಟಿಸಿದೆನು. ಗುಂಪಿನಲ್ಲಿ ನಮ್ಮ ಮೂರನೆಯ ಮನೆಯವರೂ ಇದ್ದರು. ಮನೆಮಾತು ತಮಿಳು, ಜಯನಗರಕ್ಕೆ ಬಂದು ನಲವತ್ತು ವರ್ಷ. ನನ್ನ ಮಗಳ ಮದುವೆಯಲ್ಲಿ ಬೀಗರನ್ನು ಎದುರುಗೊಂಡವರು ಅವರು. ಅವರೇನೂ ಉತ್ತರ ಬರೆಯಲಿಲ್ಲ. ಮಾರನೆಯ ದಿನದಿಂದ ಪಾರ್ಕಿಗೆ ಬರಲಿಲ್ಲ. ಹದಿನೈದು ದಿನದ ಮೇಲೆ ನಾನು ಅವರ ಮನೆಗೆ ಹೋದೆನು. ಬಾಗಿಲು ತೆರೆದು, ‘ಬನ್ನಿ ಮೇಷ್ಟ್ರೆ, ಕಾಫಿ ತೊಗೊಳ್ಳಿ’ ಎಂದರು. ಕುಡಿದೆನು. ಆಡಬೇಕೆಂದು ಹೋಗಿದ್ದ ಮಾತು ಬಾಯಿಗೆ ಬರಲಿಲ್ಲ. ಅವರೂ ಆ ವಿಷಯ ಎತ್ತಲಿಲ್ಲ. ಮರುವರ್ಷ ಅವರು ಮನೆಯನ್ನು ಮಾರಿ ಮಗನಿದ್ದ ಊರಿಗೆ ಹೊರಟುಹೋದರು.