ಸಿಂಗಳೀಕ ಮತ್ತು ನೀಲಕುರಿಂಜಿ



ಸಿಂಗಳೀಕವೂ ನೀಲಕುರಿಂಜಿಯೂ ದಕ್ಷಿಣ ಭಾರತದ ಬೆಟ್ಟಗಳ ಸೊತ್ತು. ವೈದ್ಯನಾದ ನನಗೆ ಕುತೂಹಲ ಅವುಗಳ ಸಂತಾನಕ್ರಮದಲ್ಲಿ. ಕುರಿಂಜಿ 12 ವರ್ಷ ಕಾದು, ಗುಡ್ಡಕ್ಕೆ ಗುಡ್ಡವೇ ಒಮ್ಮೆಗೆ ಹೂತು, ಬೀಜವಿತ್ತು ಸಾಯುತ್ತದೆ. 2021ರಲ್ಲಿ ಪ್ರಿನ್ಸ್‌ಟನ್ನಿನ ನೆಲದಿಂದೆದ್ದ 17 ವರ್ಷದ ಸಿಕಾಡಗಳನ್ನು ಕಂಡವರಿಗೆ ಇದರ ಮರ್ಮ ಹೊಳೆದೀತು: ತಿನ್ನುವವು ತಿಂದು ಮುಗಿಸಲಾಗದಷ್ಟು ಸಂತತಿ. ಸಿಂಗಳೀಕದ ತಾಯಿಯಾದರೋ ಸುಮಾರು 6 ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹೆರುತ್ತದೆ. ಮುಂದಿನದಕ್ಕೆ ವರ್ಷಗಳೇ ಬೇಕು. ದುಂದುಗಾರ ಗಿಡ, ಜಿಪುಣ ಕೋತಿ! ಆದರೆ ನಷ್ಟವನ್ನು ಬೇಗ ತುಂಬಿಕೊಳ್ಳುವ ಶಕ್ತಿ ಎರಡಕ್ಕೂ ಇಲ್ಲ.

ಮರದಿಂದ ಮರಕ್ಕೆ ಸಂಚರಿಸುವ ಸಿಂಗಳೀಕಕ್ಕೆ ಕಾಡು ತುಂಡಾದರೆ ದಾರಿಯೇ ಮುಚ್ಚಿತು. ಅದಕ್ಕೆಂದು ಉತ್ತರ ಕನ್ನಡದಲ್ಲಿ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಬಂದಿತು. ಬೀಜವಾಗುವ ಮುನ್ನ ಕಿತ್ತ ಕುರಿಂಜಿಗೆ (ಫೋಟೊಗಾಗಿ ಕೀಳುವವರುಂಟು) ಎರಡನೆಯ ಹೂವಿಲ್ಲ. ಮುನ್ನಾರಿನಲ್ಲಿ ಅದು 2018ರಲ್ಲಿ ಅರಳಿತ್ತು. ಮುಂದಿನ ಸರದಿ 2030.