ಕಲ್ಲಾದ ತತ್ತಿಯ ಚಿಪ್ಪು



ಭೂಗರ್ಭಶಾಸ್ತ್ರವನ್ನು ಅಭ್ಯಾಸಮಾಡಿದ ಯಾವ ದೇಶದವರೇ ಆಗಲಿ, ಧಾರವಾಡದ ಹೆಸರನ್ನು ಬಲ್ಲರು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಅತಿ ಪುರಾತನವಾದ ಒಂದು ಶಿಲಾಸಮೂಹಕ್ಕೆ ಈ ಊರಿನ ಹೆಸರನ್ನೇ ಇಟ್ಟರು. ಆ ಕಲ್ಲುಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಅಂದು ಪ್ರಾಣಿಗಳೂ ಇರಲಿಲ್ಲ, ಪಕ್ಷಿಗಳೂ ಇರಲಿಲ್ಲ. ಆದುದರಿಂದ ಕಲ್ಲಾದ ತತ್ತಿಗಳ ವಿಷಯವನ್ನೆತ್ತಿಕೊಂಡ ಧಾರವಾಡದವನು, ತನ್ನ ಊರಿನ ಬಂಡೆಗಳಲ್ಲಿ ಅವು ದೊರೆಯಲಾರವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ನಾವು ತತ್ತಿ ಎನ್ನುವುದನ್ನು ಮೈಸೂರಿನ ಕಡೆಯವರು ಮೊಟ್ಟೆ ಎನ್ನುತ್ತಾರೆ, ವಸ್ತು ಒಂದೇ.

ಬೆಳಗಾವಿಯ ಕಡೆಗೆ ಹೋದಂತೆ ನೆಲದ ಬಣ್ಣ ಬದಲಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಕರಿಯ ಲಾವಾಶಿಲೆಯ ದಕ್ಷಿಣದ ಅಂಚು ಅಲ್ಲಿದೆ. ಅದೇ ಶಿಲೆಯು ಮಹಾರಾಷ್ಟ್ರದ ಬಹುಭಾಗವನ್ನು ಹಾಸಿಕೊಂಡು ನರ್ಮದೆಯನ್ನು ಮುಟ್ಟುತ್ತದೆ. ಅಲ್ಲಿ ಲಾವಾದ ಕೆಳಗೆ, ಲಮೇಟಾ ಎಂಬ ಸುಣ್ಣಗಲ್ಲಿನ ಪದರಗಳಲ್ಲಿ, ಡೈನೋಸಾರುಗಳ ಗೂಡುಗಳುಂಟು. 1980ರ ದಶಕದಲ್ಲಿ ಗುಜರಾತದ ಬಾಲಾಸಿನೋರಿನ ಸುತ್ತಮುತ್ತ ಅವು ಹೇರಳವಾಗಿ ದೊರೆತವು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳೂ 256 ತತ್ತಿಗಳೂ ದೊರೆತ ವರದಿಯು 2023ರಲ್ಲಿ ಪ್ರಕಟವಾಯಿತು.

ಇಡಿಯ ತತ್ತಿ ದೊರೆಯುವುದು ಭಾಗ್ಯ. ಸಾಮಾನ್ಯವಾಗಿ ಕೈಗೆ ಬರುವುದು ಉಗುರಿನಷ್ಟು ಗಾತ್ರದ ಚೂರು. ಇದನ್ನು ಇಟ್ಟ ತಾಯಿ ಯಾರು? ಒಳಗೆ ಮರಿಯ ಎಲುಬು ಇಲ್ಲದಿರುವಾಗ, ಹೇಳಬಲ್ಲ ಸಾಕ್ಷಿ ಆ ಚೂರೊಂದೇ.

ಮೊದಲು ಮನೆಯ ಕೋಳಿಯ ತತ್ತಿಯನ್ನು ನೋಡೋಣ. (ತತ್ತಿಯನ್ನು ಮುಟ್ಟದ ಮನೆಯವರು ಕ್ಷಮಿಸಬೇಕು, ಇಲ್ಲಿ ಮಾತು ಚಿಪ್ಪಿನದು ಮಾತ್ರ.) ಅದರ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಕೋಳಿಯ ಒಡಲಲ್ಲಿ ಅದು ಕಟ್ಟಿಕೊಳ್ಳಲು ಸುಮಾರು 20 ಗಂಟೆ ಹಿಡಿಯುತ್ತದೆ. ಒಳಗಿನ ತೆಳ್ಳನೆಯ ಪೊರೆಯ ಮೇಲೆ ಸುಣ್ಣದ ಹರಳುಗಳು ಅಲ್ಲಲ್ಲಿ ಬೇರೂರಿ ಸಣ್ಣ ಸಣ್ಣ ತೊಟ್ಟುಗಳಾಗುತ್ತವೆ. ಇದು ಕೆಳಗಿನ ಪದರ. ತೊಟ್ಟುಗಳು ಬೆಳೆದು ಒಂದಕ್ಕೊಂದು ತಾಗಿದ ಮೇಲೆ ಅವುಗಳ ಗಡಿಗಳು ಮಸುಕಾಗಿ, ಒತ್ತಾಗಿ ಬೆಸೆದ ಮೇಲಿನ ಪದರವಾಗುತ್ತದೆ. ನಡುವೆ ಸಾವಿರಾರು ಸೂಕ್ಷ್ಮರಂಧ್ರಗಳು. ಮರಿಯು ಉಸಿರಾಡುವುದು ಇವುಗಳ ಮೂಲಕ. ಅದು ತನ್ನ ಎಲುಬಿಗೆ ಬೇಕಾದ ಸುಣ್ಣವನ್ನು ಆ ತೊಟ್ಟುಗಳ ತುದಿಯಿಂದಲೇ ಕರಗಿಸಿಕೊಳ್ಳುತ್ತದೆ. ತುದಿಗಳು ಸವೆದಿದ್ದರೆ ಒಳಗೆ ಮರಿ ಬೆಳೆದಿತ್ತೆಂದು ಊಹಿಸಬಹುದು.

ಕಲ್ಲಾದ ಚೂರನ್ನು ಪರೀಕ್ಷಿಸುವವರು ಅದನ್ನು ಗಾಜಿಗೆ ಅಂಟಿಸಿ, ಒಂದು ಮಿಲಿಮೀಟರಿನ ಮೂರು ನೂರನೆಯ ಭಾಗದಷ್ಟು ತೆಳುವಾಗುವವರೆಗೆ ಅರೆಯುತ್ತಾರೆ. ಆಗ ಬೆಳಕು ಅದರೊಳಗಿಂದ ಹಾದು ಸೂಕ್ಷ್ಮದರ್ಶಕದಲ್ಲಿ ರಚನೆಯು ತೋರುತ್ತದೆ. ನರ್ಮದೆಯ ಕಡೆಯ ದುಂಡನೆಯ ತತ್ತಿಗಳು ಟೈಟನೋಸಾರ್ ಎಂಬ ಉದ್ದ ಕೊರಳಿನ ಸಸ್ಯಾಹಾರಿಗಳವು. ಅವುಗಳ ಚಿಪ್ಪಿನಲ್ಲಿ ಪದರ ಒಂದೇ. ತಳದಿಂದ ಮೇಲಿನವರೆಗೂ ಬಿಚ್ಚಿದ ಬೀಸಣಿಗೆಗಳನ್ನು ಸಾಲಾಗಿ ನಿಲ್ಲಿಸಿದಂತೆ ಕಾಣುತ್ತದೆ. ಪ್ರತಿಯೊಂದು ಬೀಸಣಿಗೆಯ ತಲೆಯೂ ಹೊರಮೈಯಲ್ಲಿ ಒಂದು ಗುಬುಟಾಗಿ ಉಬ್ಬಿರುತ್ತದೆ. ಎರಡು ಕಾಲಿನ ಮಾಂಸಾಹಾರಿ ಡೈನೋಸಾರುಗಳ ಕುಲದ ಚಿಪ್ಪಿನಲ್ಲಿಯಾದರೋ, ನಮ್ಮ ಕೋಳಿಯದರಂತೆ, ತೊಟ್ಟಿನ ಪದರ ಬೇರೆ, ಮೇಲಿನ ಪದರ ಬೇರೆ. ಪಕ್ಷಿಗಳು ಆ ಕುಲದಿಂದಲೇ ಬಂದವೆಂಬುದಕ್ಕೆ ಎಲುಬುಗಳು ನುಡಿಯುವ ಸಾಕ್ಷ್ಯವನ್ನು ಚಿಪ್ಪೂ ನುಡಿಯುತ್ತದೆ. ಆದರೆ ನೆಲದೊಳಗಿನ ನೀರು ಹರಳುಗಳನ್ನು ಕರಗಿಸಿ ಮತ್ತೆ ಕಟ್ಟಿದ್ದರೆ ಈ ಗುರುತುಗಳು ಅಳಿದುಹೋಗುವುದುಂಟು. ಆತುರದ ತೀರ್ಪು ಸಲ್ಲದು.

ಆತುರದಿಂದ ಒಂದು ಪ್ರಾಣಿಗೆ ಅಪವಾದ ಬಂದ ಕಥೆಯಿದೆ. 1923ರಲ್ಲಿ ಮಂಗೋಲಿಯದ ಮರುಭೂಮಿಯಲ್ಲಿ ಅಮೆರಿಕದವರಿಗೆ ತತ್ತಿಗಳು ದೊರೆತವು. ಅಲ್ಲಿ ಪ್ರೊಟೊಸೆರಾಟಾಪ್ಸ್ ಎಂಬ ಸಸ್ಯಾಹಾರಿಯ ಎಲುಬುಗಳು ವಿಪುಲವಾಗಿದ್ದುದರಿಂದ ತತ್ತಿಗಳೂ ಅದರವೇ ಎಂದುಕೊಂಡರು. ಗೂಡಿನ ಮೇಲೆ ಸತ್ತುಬಿದ್ದಿದ್ದ ಬೇರೊಂದು ಪ್ರಾಣಿಗೆ 1924ರಲ್ಲಿ ಓವಿರಾಪ್ಟರ್, ಎಂದರೆ ತತ್ತಿಗಳ್ಳ, ಎಂಬ ಹೆಸರಾಯಿತು. ಮರುವರ್ಷವೇ ವಾನ್ ಸ್ಟ್ರಾಲೆನ್ ಎಂಬವರು ಅಲ್ಲಿಯ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ವರ್ಣಿಸಿದರು. ಆದರೂ ಎರಡು ಪದರದ ಅರ್ಥವನ್ನು ಓದುವಷ್ಟು ಶಾಸ್ತ್ರವು ಅಂದು ಬೆಳೆದಿರಲಿಲ್ಲ. 1993ರಲ್ಲಿ ಅಂಥದೇ ತತ್ತಿಯೊಳಗೆ ಓವಿರಾಪ್ಟರಿನ ಬಳಗದ ಭ್ರೂಣವೇ ದೊರೆಯಿತು. ಕಳ್ಳನೆನಿಸಿಕೊಂಡದ್ದು ತನ್ನ ತತ್ತಿಗಳ ಮೇಲೆಯೇ ಇದ್ದಿತ್ತು! ಪ್ರೊಟೊಸೆರಾಟಾಪ್ಸಿನ ತತ್ತಿಗೆ ಗಟ್ಟಿಯಾದ ಚಿಪ್ಪೇ ಇರಲಿಲ್ಲವೆಂದು 2020ರಲ್ಲಿ ತಿಳಿದುಬಂದಿತು. ಹೆಸರು ಮಾತ್ರ ನಾಮಕರಣದ ನಿಯಮದಂತೆ ಹಾಗೆಯೇ ಉಳಿದಿದೆ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಒಂದಾನೊಂದು ಕಾಲಕ್ಕೆ ಇಲ್ಲಿ ಉಷ್ಟ್ರಪಕ್ಷಿಗಳೂ ಇದ್ದವು. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣೆಯಲ್ಲಿ ಗೆರೆ ಕೊರೆದ ಉಷ್ಟ್ರಪಕ್ಷಿಯ ಚಿಪ್ಪೂ ಅದರಿಂದ ಮಾಡಿದ ಮಣಿಗಳೂ ಸಿಕ್ಕಿವೆ. ಈ ಚಿಪ್ಪೂ ಸುಮಾರು ಎರಡು ಮಿಲಿಮೀಟರು ದಪ್ಪ. ದಪ್ಪವನ್ನಷ್ಟೇ ಅಳೆದರೆ ಎಷ್ಟೋ ಟೈಟನೋಸಾರ್ ಚಿಪ್ಪುಗಳಿಂದ ಬೇರ್ಪಡಿಸಲಾಗದು. ಸೂಕ್ಷ್ಮದರ್ಶಕದಲ್ಲಿಯಾದರೋ ಬೀಸಣಿಗೆಗಳಿಲ್ಲ, ತೊಟ್ಟುಗಳುಂಟು. ಒಂದರ ವಯಸ್ಸು ಕೋಟಿಗಟ್ಟಲೆ ವರ್ಷ, ಇನ್ನೊಂದರದು ಸಾವಿರಗಟ್ಟಲೆ. 2017ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ರಾಜಸ್ಥಾನ, ಮಧ್ಯಪ್ರದೇಶಗಳ ಇಂಥ ಚಿಪ್ಪಿನಿಂದ ಅನುವಂಶಿಕ ದ್ರವ್ಯವನ್ನೇ ತೆಗೆದು, ಅದು ಆಫ್ರಿಕದ ಉಷ್ಟ್ರಪಕ್ಷಿಗೆ ಸಮೀಪದ್ದೆಂದು ತೋರಿಸಿದರು.

ಪುನಃ ಧಾರ್ ಜಿಲ್ಲೆಗೆ ಬರೋಣ. ಅಲ್ಲಿಯ ಪಾಡಲ್ಯಾ ಎಂಬ ಹಳ್ಳಿಯ ಹತ್ತಿರ ದೊರೆತ ಒಂದು ಟೈಟನೋಸಾರ್ ತತ್ತಿಯಲ್ಲಿ ಹೊರಗೊಂದು ಚಿಪ್ಪು, ಒಳಗೆ ಅಂತರ ಬಿಟ್ಟು ಮತ್ತೊಂದು ಚಿಪ್ಪು ಇವೆಯೆಂದು ದಿಲ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಚೂರನ್ನು ಅರೆದು ನೋಡಲಾಗಿ ಎರಡರಲ್ಲಿಯೂ ಅದೇ ಬೀಸಣಿಗೆಗಳು. ಕೋಳಿಯಲ್ಲಿಯೂ ಅಪರೂಪಕ್ಕೆ ಹೀಗಾಗುವುದುಂಟು. ಇಡಬೇಕಾದ ತತ್ತಿಯು ಹಿಂದಕ್ಕೆ ಸರಿದು, ಬೆನ್ನಹಿಂದೆ ಬರುತ್ತಿದ್ದ ಇನ್ನೊಂದರೊಳಗೆ ಸೇರಿಕೊಳ್ಳುತ್ತದೆ. ಆಮೆ ಮೊಸಳೆಗಳಲ್ಲಿ ಇದನ್ನು ಕಂಡವರಿಲ್ಲ. ಹಾಗಾದರೆ ಆ ಮಹಾಕಾಯದ ತಾಯಿಯೂ ಪಕ್ಷಿಯಂತೆ ಒಂದಾದ ಮೇಲೊಂದರಂತೆ ತತ್ತಿಯಿಡುತ್ತಿದ್ದಿರಬೇಕೆಂದು ಸಂಶೋಧಕರ ಊಹೆ. ಯಾವ ಬರ, ಯಾವ ನೆರೆ, ಯಾವ ಭಯವು ಆಕೆಯನ್ನು ಆ ದಿನ ತಡೆಯಿತೋ, ಅದು ಚಿಪ್ಪಿನಲ್ಲಿ ಬರೆದಿಲ್ಲ.