ರಜಬ್ ಅಲಿಯವರ ಕೆಲಸದ ದಿನಗಳು



1946ರ ಜುಲೈ 1, ಆಷಾಢ ಶುದ್ಧ ಬಿದಿಗೆ. ಆ ತಿಥಿಯಂದು ಅಹಮದಾಬಾದಿನ ಜಮಾಲ್‌ಪುರದ ಜಗನ್ನಾಥ ಮಂದಿರದಿಂದ ರಥಯಾತ್ರೆ ಹೊರಡುವುದು 1878ರಿಂದ ನಡೆದುಬಂದ ವಾಡಿಕೆ. ಆ ವರ್ಷ ಯಾತ್ರೆಯ ದಿನವೇ ಊರಿಗೆ ಗಲಭೆ ಹತ್ತಿಕೊಂಡಿತು. ಕಾಂಗ್ರೆಸ್ ಸೇವಾದಳದ ಇಬ್ಬರು ಕಾರ್ಯಕರ್ತರು, ವಸಂತರಾವ್ ಹೆಗಿಷ್ಟೆ ಮತ್ತು ರಜಬ್ ಅಲಿ ಲಾಖಾಣಿ, ಬರಿಗೈಯಲ್ಲಿ ಓಣಿಗಳಿಗೆ ಇಳಿದರು. ದಿನ ಮುಗಿಯುವ ಮೊದಲೇ ಇಬ್ಬರನ್ನೂ ಗುಂಪು ಕೊಂದುಹಾಕಿತ್ತು. ವಸಂತರಾವ್ ಅವರಿಗೆ ಆಗ ನಲವತ್ತು ವರ್ಷ. ರಜಬ್ ಅಲಿಯವರು ಇಪ್ಪತ್ತೇಳರ ಹೊಸ್ತಿಲಲ್ಲಿದ್ದರು.

ಗುಜರಾತಿನ ಈ ತರುಣನ ಮಾತನ್ನು ಹುಬ್ಬಳ್ಳಿಯ ಸಭೆಯಲ್ಲಿ ಎತ್ತುವುದೇಕೆ? ಅವರು ದುಡಿದ ದಳದ ಬೇರು ಇದೇ ಊರಿನಲ್ಲಿದೆ.

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ಧಾರವಾಡದಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತು, ಅಲ್ಲೇ ಲಾಲಾ ಲಜಪತರಾಯರ ಜೊತೆ ಹೋಂ ರೂಲ್ ಕೆಲಸ ಮಾಡಿ 1921ರಲ್ಲಿ ಮರಳಿದರು. ದವಾಖಾನೆ ತೆರೆದು ಸುಖವಾಗಿ ಇರಬಹುದಿತ್ತು. ಅದನ್ನು ಬಿಟ್ಟು ಹುಡುಗರನ್ನು ಸಾಲಾಗಿ ನಿಲ್ಲಿಸಿ ಕವಾಯತು ಕಲಿಸತೊಡಗಿದರು. 1923ರ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದಲೂ ಒಂದು ತುಕಡಿ ಹೋಗಿತ್ತು. ಜೈಲಿನ ಉಪಟಳ ತಾಳಲಾರದೆ ಎಷ್ಟೋ ಕಡೆಯವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆಯಲಿಲ್ಲ. ಇವರಲ್ಲಿ ಅಂಥದ್ದೇನಿದೆ ಎಂದು ದೊಡ್ಡ ನಾಯಕರು ವಿಚಾರಿಸಿದಾಗ ಸಿಕ್ಕ ಉತ್ತರ ತೀರ ಸಪ್ಪೆಯದು: ತರಬೇತಿ. ಅದೇ ವರ್ಷದ ಕೊನೆಗೆ, ಮೌಲಾನಾ ಮೊಹಮ್ಮದ್ ಅಲಿಯವರ ಅಧ್ಯಕ್ಷತೆಯಲ್ಲಿ ಕಾಕಿನಾಡದ ಅಧಿವೇಶನ ನಡೆದಾಗ, ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. ಎಲ್ಲವನ್ನೂ ಹೊತ್ತು ನಡೆಸಿದವರು ಹರ್ಡೀಕರ್.

ಮರುವರ್ಷ ಬೆಳಗಾವಿಯಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನದಲ್ಲಿ, ಈ ದಳದ ಕೆಲಸ ದೇಶದ ಕಣ್ಣಿಗೆ ಬಿತ್ತು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಮನೆಮನೆ ಹತ್ತಿ ಇಳಿದು ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರನ್ನಾಗಿ ಕರೆತಂದರು. ವಿಧವೆಯರು ಹೊಸ್ತಿಲು ದಾಟುವುದೇ ದೊಡ್ಡ ಸುದ್ದಿಯಾಗಿದ್ದ ಕಾಲವದು. ಅವರಲ್ಲಿ ವಿಧವೆಯರೂ ಇದ್ದರು. ಹಾಗೆ ಬಂದವರ ಪಾಲಿಗೆ ವೇದಿಕೆಯ ಮೇಲಿನ ಕೆಲಸ ಒಂದೂ ಇರಲಿಲ್ಲ. ನೀರು ಕೊಡುವುದು, ಸಾಲು ನಿಲ್ಲಿಸುವುದು, ತಪ್ಪಿಸಿಕೊಂಡ ಮಕ್ಕಳನ್ನು ತಂದೆತಾಯಿಗೆ ಮುಟ್ಟಿಸುವುದು, ಶೌಚದ ಗುಂಡಿಗಳಿಗೆ ಮಣ್ಣು ಹಾಕುವುದು ಸ್ವಯಂಸೇವಕರ ಪಾಡು. ಮುಂದೆ ದಳದವರು ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾವುಟ ಏರಿಸಿ ವಂದಿಸುವ ರೂಢಿ ಹಾಕಿದರು. ಮಳೆ ಬಂದರೂ ಎಂಟು, ಚಳಿ ಇದ್ದರೂ ಎಂಟು. 1931ರಲ್ಲಿ ಇದೇ ಸಂಘಟನೆ ಕಾಂಗ್ರೆಸ್ ಸೇವಾದಳವಾಯಿತು. ಸರ್ಕಾರ ಅದನ್ನು ನಿಷೇಧಿಸಿತು. ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದ ಮೇಲೂ ದಳದ ಮೇಲಿನದನ್ನು ಬೇಗ ತೆಗೆಯಲಿಲ್ಲ. ಭಾಷಣಕಾರರಿಗಿಂತ ಹಾಜರಿ ಪುಸ್ತಕ ಇಡುವವರ ಬಗ್ಗೆ ಆಳುವವರಿಗೆ ಹೆಚ್ಚು ಅಂಜಿಕೆ ಇತ್ತೆಂದು ಕಾಣುತ್ತದೆ.

ರಜಬ್ ಅಲಿಯವರು ಈ ಸಾಲಿಗೆ ಸೇರಿದವರು.

1919ರಲ್ಲಿ ಕರಾಚಿಯಲ್ಲಿ, ಖೋಜಾ ಮುಸ್ಲಿಂ ಮನೆತನದಲ್ಲಿ ಅವರು ಹುಟ್ಟಿದರು. ಮನೆಯವರ ಮೂಲ ಕಾಠಿಯಾವಾಡದ ಲಿಂಬಡಿ. ಆ ಸೀಮೆಯ ತುಂಬ ಚಿಕ್ಕಪುಟ್ಟ ಸಂಸ್ಥಾನಗಳು. 1938–39ರ ಹೊತ್ತಿಗೆ ರಾಜಕೋಟೆಯಲ್ಲಿ, ಲಿಂಬಡಿಯಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಪ್ರಜೆಗಳು ಎದ್ದಿದ್ದರು. ಲಿಂಬಡಿಯಲ್ಲಿ ದಬ್ಬಾಳಿಕೆ ಎಷ್ಟಿತ್ತೆಂದರೆ ವ್ಯಾಪಾರಿಗಳೂ ರೈತರೂ ಅಂಗಡಿ ಹೊಲ ಬಿಟ್ಟು ಊರು ತೊರೆದಿದ್ದರು. ಹೆಚ್ಚು ಕಡಿಮೆ ಇಪ್ಪತ್ತರ ಹರೆಯದಲ್ಲಿ ರಜಬ್ ಅಲಿ ಸಾರ್ವಜನಿಕ ಕೆಲಸಕ್ಕೆ ಕಾಲಿಟ್ಟದ್ದು ಇಂಥ ಗಾಳಿಯಲ್ಲಿ. 1942ರ ಚಳವಳಿಯಲ್ಲಿ ಜೈಲು ಕಂಡರು. ಆಮೇಲೆ ಅಹಮದಾಬಾದನ್ನೇ ಊರು ಮಾಡಿಕೊಂಡು ಸೇವಾದಳದ ಕೆಲಸಕ್ಕೆ ನಿಂತರು. ಅಲ್ಲಿ ಅವರಿಗೆ ಜೊತೆಯಾದವರು ವಸಂತರಾವ್. ಮರಾಠಿ ಮನೆತನದ, ಅಹಮದಾಬಾದಿನಲ್ಲೇ ಬೆಳೆದ, ಉಪ್ಪಿನ ಸತ್ಯಾಗ್ರಹದ ಕಾಲದಿಂದ ಪೊಲೀಸರಿಗೆ ಪರಿಚಿತರಾದ ಹಿರಿಯ. ಇಬ್ಬರ ನಡುವೆ ಹದಿಮೂರು ವರ್ಷಗಳ ಅಂತರ.

1946ರಲ್ಲಿ ಒಬ್ಬ ಮುಸ್ಲಿಂ ತರುಣ ಕಾಂಗ್ರೆಸ್ಸಿನ ದಳದಲ್ಲಿರುವುದೆಂದರೆ ಏನೆಂದು ಇಂದು ಊಹಿಸುವುದು ಸುಲಭವಲ್ಲ. ಆ ವರ್ಷದ ಆರಂಭದ ಚುನಾವಣೆಯಲ್ಲಿ ಮುಂಬಯಿ ಪ್ರಾಂತದ 30 ಮುಸ್ಲಿಂ ಕ್ಷೇತ್ರಗಳಲ್ಲಿ ಮೂವತ್ತನ್ನೂ ಮುಸ್ಲಿಂ ಲೀಗ್ ಗೆದ್ದಿತ್ತು. ಅಹಮದಾಬಾದು ಆಗ ಆ ಪ್ರಾಂತಕ್ಕೇ ಸೇರಿತ್ತು. ಒಂದು ಕಡೆಯವರಿಗೆ ಇಂಥವರು ಮನೆಮುರುಕರು. ಇನ್ನೊಂದು ಕಡೆಯವರಿಗೆ, ಖಾದಿ ತೊಟ್ಟರೇನು, ಹೆಸರು ಕೇಳಿದೊಡನೆ ಮುಖ ಬಿಗಿಯುವ ಕಾಲ. ನಿತ್ಯ ಬೆಳಿಗ್ಗೆ ಎದ್ದು ಎರಡೂ ಕಡೆಯ ಓಣಿಗಳಿಗೆ ಹೋಗಿ ಬರುವುದೇ ಒಂದು ಹೋರಾಟ. ಜುಲೈ 1ರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಫೆಬ್ರವರಿಯ, ಮಾರ್ಚಿನ, ಏಪ್ರಿಲ್‌ನ ಯಾವುದೋ ಹೆಸರಿಲ್ಲದ ಮಂಗಳವಾರದ ಧೈರ್ಯವನ್ನು ಯಾರು ಹೊಗಳಿದ್ದಾರೆ?

ಗಲಭೆಗೆ ಎದುರಾಗಿ ಹೋಗುವ ಕೆಲಸಕ್ಕೆ ಒಂದು ಸಿದ್ಧತೆ ಬೇಕೆಂದು ಗಾಂಧೀಜಿ ಮೊದಲೇ ಬರೆದಿದ್ದರು. 1938ರ ಜೂನ್‌ನ 'ಹರಿಜನ' ಪತ್ರಿಕೆಯಲ್ಲಿ ಶಾಂತಿದಳದವನಿಗೆ ಇರಬೇಕಾದ ಅರ್ಹತೆಗಳನ್ನು ಅವರು ಪಟ್ಟಿ ಮಾಡಿದರು. ಅಹಿಂಸೆಯಲ್ಲಿ ನಂಬಿಕೆ, ಎಲ್ಲ ಧರ್ಮಗಳಲ್ಲಿ ಸಮಾನ ಗೌರವ ಎಂಬವು ಅದರಲ್ಲಿ ಇದ್ದೇ ಇವೆ. ಅವಕ್ಕಿಂತ ಮುಂದೆ ಬರುವ ವ್ಯವಹಾರದ ಮಾತುಗಳು ಸೇವೆಯ ಮಂದಿಗೆ ಹೆಚ್ಚು ಬೇಕಾದವು. ದಳದವನು ಅದೇ ಸ್ಥಳದವನಾಗಿದ್ದರೆ ಒಳ್ಳೆಯದು. ಗಲಭೆ ಏಳುವ ಬಹಳ ಮೊದಲೇ ವೈಯಕ್ತಿಕ ಸೇವೆಯಿಂದ ಅಲ್ಲಿಯ ಜನರ ಗುರುತು ಸಂಪಾದಿಸಿರಬೇಕು. ಪುಂಡರೆನಿಸಿಕೊಂಡವರ ಪರಿಚಯವೂ ಇರಬೇಕು. ಕಂಡೊಡನೆ ಗುರುತು ಹತ್ತುವ ಉಡುಪು ಇರಬೇಕು. ಹೊಗೆ ಕಂಡ ಮೇಲೆ ಓಡಿಬರುವ ಅಪರಿಚಿತನ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ.

ಮೂರು ವರ್ಷಕ್ಕೆ, 1941ರಲ್ಲಿ, ಅಹಮದಾಬಾದಿನಲ್ಲಿ ದೊಡ್ಡ ಗಲಭೆಯಾದಾಗ ಆ ಲೆಕ್ಕ ನಿಜವೆಂದು ತಿಳಿಯಿತು. ಕಾಂಗ್ರೆಸ್ಸಿಗರು ಕೈಸಾಗದೆ ನಿಂತರೆಂದು ಗಾಂಧೀಜಿ ನೊಂದುಕೊಂಡರು. ಅದಕ್ಕೂ ಮುಂಚೆ 1931ರ ಮಾರ್ಚ್‌ನಲ್ಲಿ ಕಾನ್ಪುರದ ಗಲಭೆಯಲ್ಲಿ 'ಪ್ರತಾಪ್' ಪತ್ರಿಕೆಯ ಗಣೇಶ ಶಂಕರ ವಿದ್ಯಾರ್ಥಿ ಎರಡೂ ಕಡೆಯವರನ್ನು ಮನೆಗಳಿಂದ ಪಾರುಮಾಡುತ್ತ ಕೊಲೆಯಾಗಿದ್ದರು. ದಾರಿ ಹೊಸದಲ್ಲ, ಅದರ ಕೊನೆ ಎಲ್ಲಿಗೆ ಮುಟ್ಟಬಹುದೆಂಬುದೂ ಗುಟ್ಟಾಗಿರಲಿಲ್ಲ. ತಿಳಿದೇ ಹೊರಟವರು ಇವರು.

ಜಮಾಲ್‌ಪುರದ ಆ ಕೊನೆಯ ಗಳಿಗೆಗಳನ್ನು ಹೇಳುವವರು ಒಂದೊಂದು ರೀತಿ ಹೇಳುತ್ತಾರೆ. ವಸಂತರಾವ್ ಅವರನ್ನು ಉಳಿಸಲು ರಜಬ್ ಅಡ್ಡ ಬಂದರು ಎಂದು ಕೆಲವರು, ರಜಬ್ ಅವರನ್ನು ಉಳಿಸಲು ವಸಂತರಾವ್ ಅಡ್ಡ ಬಂದರು ಎಂದು ಕೆಲವರು. ಎಂಬತ್ತು ವರ್ಷದಿಂದ ನಡೆದಿರುವ ಈ ಕಥನಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆಂಬುದು ಹೇಳುವವರ ಬಗ್ಗೆಯೂ ಒಂದಿಷ್ಟು ತಿಳಿಸುತ್ತದೆ. ಎಲ್ಲರೂ ಒಪ್ಪುವ ಅಂಶಗಳು ಕೆಲವೇ: ಅವರ ಕೈಯಲ್ಲಿ ಆಯುಧವಿರಲಿಲ್ಲ, ಹಿಂದೆ ಸರಿಯುವ ಅವಕಾಶವಿದ್ದೂ ಸರಿಯಲಿಲ್ಲ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಹೋಗಲಿಲ್ಲ. ಒಬ್ಬರನ್ನು ಸುಟ್ಟರು, ಒಬ್ಬರನ್ನು ಹೂಳಿದರು. ಊರು ಅವರ ಹೆಸರನ್ನು ಕೂಡಿಸಿ ವಸಂತ-ರಜಬ್ ಎಂದಿತು. ಏಳು ವಾರಗಳೊಳಗೆ ಕಲ್ಕತ್ತೆ ಹೊತ್ತಿ ಉರಿಯಿತು. ಅದರ ಮುಂದೆ ಅಹಮದಾಬಾದಿನ ಸುದ್ದಿ ಪತ್ರಿಕೆಗಳ ಒಳಪುಟಕ್ಕೆ ಸರಿದಿದ್ದರೆ ಆಶ್ಚರ್ಯವಿಲ್ಲ.

ಆದರೂ ಗುಜರಾತಿ ಸಾಹಿತ್ಯ ಅವರನ್ನು ಕೈಬಿಡಲಿಲ್ಲ. ಜನಪದ ಸಂಗ್ರಹಕಾರ, ಕವಿ ಝವೇರ್‌ಚಂದ್ ಮೇಘಾಣಿ ಇಬ್ಬರ ಸ್ಮಾರಕ ಗ್ರಂಥವನ್ನು ಸಂಪಾದಿಸಿದರು. ಮೇಘಾಣಿ 1947ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಂದರೆ ಅವರ ಕೊನೆಯ ಕೆಲಸಗಳಲ್ಲಿ ಅದೂ ಒಂದು. ಕಾಠಿಯಾವಾಡದ ಊರೂರು ಅಲೆದು ಹಳೆಯ ಶೂರರ ಕಥೆ ಕೂಡಿಟ್ಟ ಮನುಷ್ಯ ಕೊನೆಗೆ ತನ್ನದೇ ಕಾಲದ ಇಬ್ಬರು ನಿರಾಯುಧರ ಕಡೆ ತಿರುಗಿದ್ದು ಸಣ್ಣ ಮಾತಲ್ಲ. ಮುಂದೆ ಬಹುಕಾಲ ನೆನಪು ಜುಲೈ 1ರ ಹೂಮಾಲೆಗಷ್ಟೇ ಉಳಿದಿತ್ತು. 2015ರಲ್ಲಿ ಅಹಮದಾಬಾದಿನ ಗಾಯಕವಾಡ ಹವೇಲಿಯಲ್ಲಿ, ಪೊಲೀಸರ ಆವರಣದಲ್ಲೇ, 'ಬಂಧುತ್ವ ಸ್ಮಾರಕ' ಎಂಬ ಹೆಸರಿನಲ್ಲಿ ಒಂದು ಸಂಗ್ರಹಾಲಯ ತೆರೆಯಿತು. ಮೇಘಾಣಿಯವರ ಗ್ರಂಥಕ್ಕೂ ಈ ಸಂಗ್ರಹಾಲಯಕ್ಕೂ ನಡುವೆ ಅದೇ ನಗರ 1969, 1985, 1992 ಮತ್ತು 2002ರ ಗಲಭೆಗಳನ್ನು ಕಂಡಿತು. ಸ್ಮಾರಕ ಕಟ್ಟಿದ ಕೂಡಲೇ ನೆನಪು ಕೆಲಸ ಮಾಡತೊಡಗುತ್ತದೆ ಎಂದು ಯಾರಾದರೂ ಹೇಳಿದರೆ ಈ ನಾಲ್ಕು ಇಸವಿಗಳನ್ನು ಅವರ ಮುಂದಿಡಬೇಕು.

ಇನ್ನೊಂದು ಕಹಿ ಮಾತು. ಮುಸ್ಲಿಂ ಸ್ವಯಂಸೇವಕ ಸತ್ತ ಮೇಲೆ ಅವನ ನಿಷ್ಠೆಗೆ ಈಗ ಪುರಾವೆ ಸಿಕ್ಕಿತೆಂಬ ಧಾಟಿಯಲ್ಲಿ ಹೊಗಳುವ ಚಾಳಿ ನಮ್ಮ ಸಭೆಗಳಲ್ಲಿ ಬೇರೂರಿದೆ. ಬದುಕಿದ್ದಾಗ ಬಾಡಿಗೆ ಮನೆ ಕೇಳಲು ಹೋದರೆ ಬಾಗಿಲು ಅರ್ಧ ತೆರೆಯುವ ಬೀದಿಯೇ, ಸತ್ತಾಗ ಫ್ಲೆಕ್ಸ್ ಕಟ್ಟಿಸುತ್ತದೆ. ರಜಬ್ ಅಲಿಯವರು ಯಾರಿಗೂ ಏನನ್ನೂ ಸಾಬೀತು ಮಾಡಲು ಜಮಾಲ್‌ಪುರಕ್ಕೆ ಹೋಗಲಿಲ್ಲ. ಅದು ಅವರ ದಳದ ಕೆಲಸ, ಅವರ ಊರು, ಅವರ ಜೊತೆಗಾರ. ವಸಂತರಾವ್ ಅವರ ತ್ಯಾಗವನ್ನು ವಿವರಿಸಲು ಅವರ ಧರ್ಮ ಬೇಕಾಗದಿದ್ದರೆ ರಜಬ್ ಅಲಿಯವರದಕ್ಕೂ ಬೇಕಾಗುವುದಿಲ್ಲ. ಹಾಗೆಂದು ಅವರ ಮುಸ್ಲಿಂತನವನ್ನು ಅಳಿಸಿಹಾಕುವುದೂ ತಪ್ಪು. ಆ ವರ್ಷ, ಆ ಊರಿನಲ್ಲಿ, ಆ ಹೆಸರಿನಿಂದ ಆ ಬೀದಿಗೆ ನಡೆದದ್ದರ ಭಾರ ಬೇರೆಯೇ.

2020 ಮತ್ತು 2021ರ ಕೋವಿಡ್ ಬೇಗೆಯಲ್ಲಿ ಬೆಂಗಳೂರಿನಿಂದ ಹಿಡಿದು ರಾಜ್ಯದ ಎಷ್ಟೋ ಊರುಗಳಲ್ಲಿ ಮುಸ್ಲಿಂ ಯುವಕರ ತಂಡಗಳು ಪಿಪಿಇ ಕಿಟ್ ತೊಟ್ಟು, ಮನೆಯವರೇ ಹತ್ತಿರ ಬರದ ಹೆಣಗಳನ್ನು ಹೊತ್ತದ್ದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಹೂಳಬೇಕಾದವರನ್ನು ಹೂಳಿದರು, ಸುಡಬೇಕಾದವರನ್ನು ಚಿತಾಗಾರಕ್ಕೆ ಒಯ್ದರು, ಬಾಯಿಗೆ ನೀರು ಬಿಡುವ ಶಾಸ್ತ್ರವನ್ನೂ ಕೆಲವೆಡೆ ಅವರೇ ಕೇಳಿ ತಿಳಿದು ಮಾಡಿದರು. ಅಂಥ ಕೆಲಸದಲ್ಲಿದ್ದು ಚಿಕ್ಕ ವಯಸ್ಸಿಗೇ ಹೋದವರಿದ್ದಾರೆ. ಅವರಿಗೆಲ್ಲ ಮೇಘಾಣಿ ಸಿಗುವುದಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಹೇಳಲು ಮಾತಿಲ್ಲದೆ 'ಸದಾ ನಗುಮುಖ' ಎಂದು ಮುಗಿಸುತ್ತಾರೆ. ಅವನು ಯಾವ ವಾರ್ಡಿನಲ್ಲಿ ಎಷ್ಟು ರಾತ್ರಿ ಆಂಬುಲೆನ್ಸ್ ಓಡಿಸಿದ, ಯಾವ ಆಸ್ಪತ್ರೆಯ ಕಾವಲುಗಾರನ ಗುರುತಿತ್ತು, ಯಾರ ರಕ್ತದ ಗುಂಪು ಅವನಿಗೆ ಬಾಯಿಪಾಠವಿತ್ತು ಎಂಬುದು ಎಲ್ಲೂ ದಾಖಲಾಗಿರುವುದಿಲ್ಲ. ಅವನ ಫೋನಿನಲ್ಲಿದ್ದ ನಂಬರುಗಳ ಜೊತೆ ಆ ಜ್ಞಾನವೆಲ್ಲ ಹೋಗುತ್ತದೆ. ಮುಂದಿನ ನೆರೆಗೋ ಜ್ವರಕ್ಕೋ ಹೊಸ ಹುಡುಗ ಮತ್ತೆ ಮೊದಲಿಂದ ಶುರು ಮಾಡಬೇಕು.

ಹರ್ಡೀಕರ್ ಇದನ್ನು ಅರಿತಿದ್ದರು. ದಳಕ್ಕಾಗಿ 'ವಾಲಂಟಿಯರ್' ಎಂಬ ಪತ್ರಿಕೆಯನ್ನೇ ನಡೆಸಿದರು. ಅಷ್ಟು ಮಾಡಲು ನಮಗೆ ಆಗದಿದ್ದರೂ ನಮ್ಮ ಪ್ರತಿ ಘಟಕದಲ್ಲಿ ಒಂದು ಉದ್ದನೆಯ ನೋಟುಬುಕ್ ಇಡಬಹುದು. ಅದರಲ್ಲಿ ಘಟನೆ, ತಾರೀಖು, ಹೋದವರು, ಮಾಡಿದ್ದು, ಕೆಟ್ಟಿದ್ದು ಎಂಬ ಐದು ಕಲಮುಗಳಿದ್ದರೆ ಸಾಕು. ಕೆಟ್ಟಿದ್ದನ್ನು ಬರೆಯಲು ಯಾರೂ ಒಪ್ಪುವುದಿಲ್ಲ, ಆದರೆ ಹೊಸಬರಿಗೆ ಎಲ್ಲಕ್ಕಿಂತ ಉಪಯೋಗದ ಕಲಮು ಅದೇ.

ಎರಡನೆಯ ಸಂಗತಿ ಹಣದ್ದು. ಸಮ್ಮೇಳನಗಳಲ್ಲಿ ಹಣದ ಮಾತು ಅಸಭ್ಯವೆನಿಸಿದರೂ ಹೇಳಲೇಬೇಕು. ಇಪ್ಪತ್ತಾರರ ಹುಡುಗ ಸತ್ತರೆ ಹಿಂದೆ ಅವ್ವ ಇರುತ್ತಾಳೆ, ಮದುವೆಗೆ ಬಂದ ತಂಗಿ ಇರುತ್ತಾಳೆ, ಬೈಕಿನ ಸಾಲದ ಕಂತು ಇರುತ್ತದೆ. ಸ್ವಯಂಸೇವಕನಿಗೆ ಸಂಬಳವಿಲ್ಲ, ಆದ್ದರಿಂದ ಪರಿಹಾರವೂ ಇಲ್ಲ. ಘಟಕದ ವಂತಿಗೆಯಿಂದಲೇ ಎಲ್ಲರಿಗೂ ಅಪಘಾತ ವಿಮೆ ಮಾಡಿಸುವ ಪ್ರಸ್ತಾಪ ಊಟದ ನಂತರದ ಗೋಷ್ಠಿಯಲ್ಲಿ ಚರ್ಚೆಗೆ ಬರಲಿದೆ. ಅದನ್ನು ಉಪಸಮಿತಿಗೆ ತಳ್ಳದೆ ಇಂದೇ ಇತ್ಯರ್ಥ ಮಾಡಬೇಕೆಂದು ಅಧ್ಯಕ್ಷ ಪೀಠದ ಕೋರಿಕೆ. ಎಷ್ಟು ಜನ, ಯಾವ ವಯಸ್ಸು, ಯಾರ ಮೇಲೆ ಯಾರು ಅವಲಂಬಿತರು ಎಂಬ ಪಟ್ಟಿಯನ್ನು ಜಿಲ್ಲಾ ಪ್ರತಿನಿಧಿಗಳು ಸಂಜೆಯೊಳಗೆ ಕಾರ್ಯದರ್ಶಿಗಳ ಕೈಗೆ ಕೊಟ್ಟರೆ, ಮುಂದಿನ ಜುಲೈ 1ರ ಸಭೆಗೆ ಮೊದಲು ಕಾಗದಪತ್ರ ಮುಗಿಸಬಹುದು.